ವಿಭಕ್ತಿಗಳ ಸಾಲು, ಕೋಷ್ಟಕದ ಮನೆ: ಗ್ರೀಕ್–ಲ್ಯಾಟಿನ್ ಪಠ್ಯಪುಸ್ತಕಗಳ ಪರಿಷ್ಕರಣೆಯ ಚರಿತ್ರೆಯಿಂದ ಒಂದು ಅಧ್ಯಾಯ

ಲ್ಯಾಟಿನ್ನಿನಲ್ಲಿ ‘ಬೆಲ್ಲುಮ್’ ಎಂದರೆ ಯುದ್ಧ. ಅದು ನಪುಂಸಕಲಿಂಗದ ನಾಮಪದ. ಇಂಗ್ಲೆಂಡಿನ ಶಾಲೆಯಲ್ಲಿ ಲ್ಯಾಟಿನ್ ಕಲಿತವರು ಅದರ ಏಕವಚನದ ರೂಪಾವಳಿಯನ್ನು ಬೆಲ್ಲುಮ್, ಬೆಲ್ಲುಮ್, ಬೆಲ್ಲುಮ್, ಬೆಲ್ಲೀ, ಬೆಲ್ಲೋ, ಬೆಲ್ಲೋ ಎಂದು ಒಪ್ಪಿಸುತ್ತಾರೆ. ಅಮೆರಿಕದಲ್ಲಿ ಕಲಿತವರು ಬೆಲ್ಲುಮ್, ಬೆಲ್ಲೀ, ಬೆಲ್ಲೋ, ಬೆಲ್ಲುಮ್, ಬೆಲ್ಲೋ ಎಂದು ಒಪ್ಪಿಸಿ, ಸಂಬೋಧನೆಯ ರೂಪವನ್ನು ಕೊನೆಗೆ ಸೇರಿಸುತ್ತಾರೆ ಅಥವಾ ಬಿಟ್ಟೇಬಿಡುತ್ತಾರೆ. ರೂಪಗಳಲ್ಲಿ ಭೇದವಿಲ್ಲ, ಸಾಲಿನಲ್ಲಿ ಮಾತ್ರ ಭೇದವಿದೆ. ತಾವು ಬಾಯಿಪಾಠ ಮಾಡಿದ ಸಾಲೇ ಆ ಭಾಷೆಯ ಸಹಜಕ್ರಮವೆಂದು ಇಬ್ಬರೂ ನಂಬಿರುತ್ತಾರೆ. ಈ ಭೇದಕ್ಕೆ ಒಂದು ಕಾಲವಿದೆ, ಕೆಲವು ಹೆಸರುಗಳಿವೆ, ಒಂದು ಪುಸ್ತಕವಿದೆ. ಭಾಷಾವಿಜ್ಞಾನದ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಸಿದ್ಧಾಂತಕಾರರಿಂದ ಸಿದ್ಧಾಂತಕಾರರಿಗೆ ನಡೆದುಹೋಗುತ್ತಾರೆ. ನಡುವಿನ ಶಾಲಾಪುಸ್ತಕಗಳನ್ನು ಸಿದ್ಧಾಂತದ ಕೆಳಗೆ ತಂಗಿದ ಗಷ್ಟಿನಂತೆ ಕಾಣುತ್ತಾರೆ. ಆದರೆ ಒಂದು ಭಾಷೆಯ ರಚನೆಯ ಬಗೆಗೆ ಬಹುಸಂಖ್ಯೆಯ ಜನರಿಗೆ ದಕ್ಕುವ ಏಕೈಕ ಹೇಳಿಕೆ ಅವರ ಶಾಲಾಪುಸ್ತಕದ ಕೋಷ್ಟಕವೇ ಆಗಿರುತ್ತದೆ. ಆ ಕೋಷ್ಟಕದ ಸಾಲು ಒಂದು ವಾದ. ಅದರ ತುಂಬಿದ ಮನೆಗಳೂ ವಾದಗಳೇ. ಪಠ್ಯಪುಸ್ತಕ ಮಾತ್ರ ತಾನು ವಾದಿಸುತ್ತಿದ್ದೇನೆಂದು ಎಲ್ಲಿಯೂ ಹೇಳುವುದಿಲ್ಲ.

ಮುಂದುವರಿಯುವ ಮೊದಲು ಪರಿಭಾಷೆಯ ತೊಡಕೊಂದನ್ನು ಬಿಡಿಸಿಕೊಳ್ಳಬೇಕು. ಈ ಚರ್ಚೆಯನ್ನು ಕನ್ನಡದ ವಿಭಕ್ತಿನಾಮಗಳಲ್ಲಿ ನಡೆಸುವುದು ಅಸಾಧ್ಯ. ‘ಹಳೆಯ ಲ್ಯಾಟಿನ್ ಕ್ರಮದಲ್ಲಿ ಷಷ್ಠಿಯು ಎರಡನೆಯದು, ದ್ವಿತೀಯೆಯು ನಾಲ್ಕನೆಯದು, ಚತುರ್ಥಿಯು ಮೂರನೆಯದು’ ಎಂದು ಬರೆದರೆ ವಾಕ್ಯ ನಗೆಪಾಟಲಾಗುತ್ತದೆ. ನಮ್ಮ ಹೆಸರುಗಳು ಹೆಸರುಗಳಲ್ಲ, ಎಣಿಕೆಗಳು. ಕ್ರಮವು ಹೆಸರಿನೊಳಗೇ ಹೊಲಿಗೆಯಾಗಿದೆ. ಕರ್ತೃ, ಕರ್ಮ, ಸಂಪ್ರದಾನ ಮೊದಲಾದ ಪದಗಳನ್ನು ಬಳಸೋಣವೆಂದರೆ ಅವು ಕಾರಕಗಳು. ವಿಭಕ್ತಿಯನ್ನೂ ಕಾರಕವನ್ನೂ ಬೇರೆಬೇರೆಯಾಗಿ ಇಟ್ಟದ್ದೇ ಪಾಣಿನೀಯದ ದೊಡ್ಡ ಸಾಧನೆಗಳಲ್ಲೊಂದು. ಅನುಕೂಲಕ್ಕಾಗಿ ಅದನ್ನು ಕದಡುವುದು ಸಲ್ಲದು. ಆದುದರಿಂದ ನಾಮಿನೇಟಿವ್, ಜೆನಿಟಿವ್, ಡೇಟಿವ್, ಅಕ್ಯುಸೇಟಿವ್, ವೊಕೇಟಿವ್, ಅಬ್ಲೇಟಿವ್ ಎಂಬ ಯುರೋಪಿನ ಹೆಸರುಗಳನ್ನೇ ಇಲ್ಲಿ ಇಟ್ಟುಕೊಂಡಿದೆ. ಈ ತೊಡಕು ಕೇವಲ ಅನುವಾದದ್ದಲ್ಲ ಎಂಬುದು ಮುಂದೆ ತಿಳಿದೀತು.

ಹಳೆಯ ಕ್ರಮವು ಗ್ರೀಕರದ್ದು. ಡಯೊನೀಸಿಯಸ್ ಥ್ರಾಕ್ಸನ ಹೆಸರಿನಲ್ಲಿ ಬಂದಿರುವ ವ್ಯಾಕರಣವು ಗ್ರೀಕಿನ ಐದು ವಿಭಕ್ತಿಗಳನ್ನು ನಾಮಿನೇಟಿವ್, ಜೆನಿಟಿವ್, ಡೇಟಿವ್, ಅಕ್ಯುಸೇಟಿವ್, ವೊಕೇಟಿವ್ ಎಂಬ ಕ್ರಮದಲ್ಲಿ ಇಡುತ್ತದೆ. ರೋಮನ್ನರು ಅದನ್ನು ಹಾಗೆಯೇ ಎತ್ತಿಕೊಂಡು, ಗ್ರೀಕಿನಲ್ಲಿ ಇಲ್ಲದ ತಮ್ಮ ಅಬ್ಲೇಟಿವನ್ನು ಬಾಲದಂತೆ ಕೊನೆಗೆ ಅಂಟಿಸಿದರು. ವರ್ರೋ ಅದನ್ನು ‘ಆರನೆಯದು’ ಎಂದೇ ಕರೆಯುತ್ತಾನೆ. ಹೆಸರುಗಳ ಎರವಲಿನಲ್ಲಿ ಒಂದು ಪ್ರಸಿದ್ಧ ತಪ್ಪೂ ನುಸುಳಿತು. ಗ್ರೀಕಿನ ‘ಐತಿಆತಿಕೇ’ ಎಂಬುದು ಕಾರಣ ಎಂಬರ್ಥದ ‘ಐತಿಆ’ಕ್ಕೆ ಸಂಬಂಧಿಸಿದ್ದು, ಕ್ರಿಯೆಯಿಂದ ಆದದ್ದನ್ನು, ಕ್ರಿಯೆಗೆ ಗುರಿಯಾದದ್ದನ್ನು ಹೇಳುವ ವಿಭಕ್ತಿ ಎಂಬುದು ಅದರ ಇಂಗಿತ. ಅದೇ ಧಾತುವಿಗೆ ‘ದೂಷಿಸು, ಆರೋಪಿಸು’ ಎಂಬ ಅರ್ಥವೂ ಇರುವುದರಿಂದ ರೋಮನ್ನರು ಅದನ್ನು ‘ಅಕ್ಕೂಸಾತೀವುಸ್’, ಅಂದರೆ ಆರೋಪದ ವಿಭಕ್ತಿ ಎಂದು ಭಾಷಾಂತರಿಸಿದರು. ಎರಡು ಸಾವಿರ ವರ್ಷಗಳ ಪರಿಷ್ಕರಣೆಗಳಲ್ಲಿ ಸಾಲು ಬದಲಾಯಿತು, ಸೂತ್ರಗಳು ಬದಲಾದವು, ಉದಾಹರಣೆಗಳು ಬದಲಾದವು. ಈ ತಪ್ಪು ಹೆಸರನ್ನು ಮಾತ್ರ ಯಾವ ಪರಿಷ್ಕಾರಕನೂ ಅಲುಗಿಸಲಿಲ್ಲ.

ಬಂದ ಕ್ರಮಕ್ಕೆ ಬಂದ ಮೇಲೆ ಕಾರಣ ಹುಡುಕುವುದು ವೈಯಾಕರಣರ ಹಳೆಯ ಅಭ್ಯಾಸ. ಕ್ರಿ. ಶ. 500ರ ಸುಮಾರಿಗೆ ಕಾನ್‌ಸ್ಟಾಂಟಿನೋಪಲ್ಲಿನಲ್ಲಿ ಲ್ಯಾಟಿನ್ ಕಲಿಸುತ್ತಿದ್ದ ಪ್ರಿಷಿಯನ್ ಇದಕ್ಕೆ ಒಳ್ಳೆಯ ನಿದರ್ಶನ. ಅವನ ಪ್ರಕಾರ ನಾಮಿನೇಟಿವ್ ಸ್ವಭಾವತಃ ಮೊದಲನೆಯದು. ಅದರಿಂದ ಹುಟ್ಟಿ ಉಳಿದವನ್ನು ಹುಟ್ಟಿಸುವುದು ಜೆನಿಟಿವ್, ಆದುದರಿಂದ ಅದು ಎರಡನೆಯದು. ಕೊಡುವ ವಿಭಕ್ತಿಯಾದ ಡೇಟಿವ್ ಮಿತ್ರರಿಗೆ ಸಲ್ಲತಕ್ಕದ್ದು, ಆರೋಪಿಸುವ ಅಕ್ಯುಸೇಟಿವ್ ಶತ್ರುಗಳಿಗೆ. ಮಿತ್ರರು ಮೊದಲು ಬರುವುದು ನ್ಯಾಯ. ಅಬ್ಲೇಟಿವ್ ಲ್ಯಾಟಿನ್ನರ ಹೊಸ ಸೃಷ್ಟಿಯಾದ್ದರಿಂದ ಕೊನೆಗೆ. ತಪ್ಪಾಗಿ ಅನುವಾದಗೊಂಡ ಒಂದು ಹೆಸರು ಇಲ್ಲಿ ಸ್ಥಾನನಿರ್ಣಯಕ್ಕೆ ಆಧಾರವಾಗಿರುವುದನ್ನು ಗಮನಿಸಬೇಕು. ಪ್ರಿಷಿಯನ್ನನನ್ನು ನೋಡಿ ನಗುವುದು ಸುಲಭ. ಆದರೆ ಅವನಿಗೆ ಕ್ರಮಕ್ಕೊಂದು ಕಾರಣ ಬೇಕೆಂಬ ಎಚ್ಚರವಿತ್ತು. ಮುಂದಿನ ಸಾವಿರದ ಮುನ್ನೂರು ವರ್ಷಗಳಲ್ಲಿ ಬಂದ ಪುಸ್ತಕಗಳ ಬಹುಪಾಲಿಗೆ ಅದೂ ಇರಲಿಲ್ಲ.

ಇಂಗ್ಲೆಂಡಿನಲ್ಲಿ ಈ ಕ್ರಮದ ಹಿಂದೆ ರಾಜಮುದ್ರೆಯೂ ಸೇರಿಕೊಂಡಿತು. ಲಂಡನ್ನಿನ ಸೇಂಟ್ ಪಾಲ್ಸ್ ಶಾಲೆಯ ಮೊದಲ ಮುಖ್ಯೋಪಾಧ್ಯಾಯ ವಿಲಿಯಂ ಲಿಲಿಯ ಹೆಸರಿನಲ್ಲಿ ಪ್ರಚಾರಕ್ಕೆ ಬಂದ ವ್ಯಾಕರಣದಲ್ಲಿ ಜಾನ್ ಕಾಲೆಟ್ ಮತ್ತು ಇರಾಸ್ಮಸ್ಸರ ಕೈಯೂ ಇತ್ತು. ಲಿಲಿ 1522ರಲ್ಲಿ ತೀರಿಕೊಂಡ. 1540ರ ದಶಕದ ಆರಂಭದಲ್ಲಿ ಎಂಟನೆಯ ಹೆನ್ರಿಯು ಈ ವ್ಯಾಕರಣವನ್ನೇ ಶಾಲೆಗಳಲ್ಲಿ ಕಲಿಸತಕ್ಕದ್ದೆಂದು ಆಜ್ಞೆ ಹೊರಡಿಸಿದ. ಲ್ಯಾಟಿನ್ನನ್ನು ಇನ್ನೂ ಅರಿಯದ ಬಾಲಕನು ಲ್ಯಾಟಿನ್ನಿನ ಲಿಂಗನಿಯಮಗಳನ್ನು ಲ್ಯಾಟಿನ್ ಪದ್ಯದಲ್ಲಿಯೇ ಕಂಠಸ್ಥ ಮಾಡಬೇಕಿತ್ತು. (ಅಮರಕೋಶವನ್ನು ಅರ್ಥ ಕೇಳದೆ ಬಾಯಿಪಾಠ ಮಾಡಿದ ಮನೆತನಗಳಿಂದ ಬಂದವರಿಗೆ ಇದು ತೀರ ಅಪರಿಚಿತವೆನ್ನಿಸಲಾರದು.) ಈ ಪುಸ್ತಕವೇ 1758ರಲ್ಲಿ ಕೊಂಚ ತಿದ್ದುಪಡಿಗೊಂಡು ಈಟನ್ ಲ್ಯಾಟಿನ್ ವ್ಯಾಕರಣವಾಯಿತು. ಹತ್ತೊಂಬತ್ತನೆಯ ಶತಮಾನದ ನಡುಭಾಗದವರೆಗೂ ಇಂಗ್ಲಿಷ್ ಬಾಲಕರು ಕಲಿತದ್ದು ಬಹುಮಟ್ಟಿಗೆ ಹದಿನಾರನೆಯ ಶತಮಾನದ ಪುಸ್ತಕವನ್ನೇ.

ಬದಲಾವಣೆ ಬಂದದ್ದು ಭಾಷಾವಿಜ್ಞಾನದ ಒತ್ತಾಯದಿಂದಲ್ಲ, ಆಡಳಿತದ ಒತ್ತಾಯದಿಂದ. ಈಟನ್, ವಿಂಚೆಸ್ಟರ್, ಹ್ಯಾರೋ, ರಗ್ಬಿ, ಶ್ರೂಸ್‌ಬರಿ ಮೊದಲಾದ ಒಂಬತ್ತು ಪ್ರತಿಷ್ಠಿತ ಶಾಲೆಗಳ ಸ್ಥಿತಿಗತಿಯನ್ನು ಪರಿಶೀಲಿಸಲು 1861ರಲ್ಲಿ ನೇಮಕಗೊಂಡ ಕ್ಲಾರೆಂಡನ್ ಆಯೋಗವು 1864ರಲ್ಲಿ ವರದಿ ಕೊಟ್ಟಿತು. ಶಾಲೆಗೊಂದು ವ್ಯಾಕರಣವಿರುವ ಬದಲು ಎಲ್ಲಕ್ಕೂ ಸಮಾನವಾದ ಒಂದು ವ್ಯಾಕರಣವಿರಬೇಕೆಂಬ ಒತ್ತಾಸೆ ಆಗ ಬಲವಾಯಿತು. ಶ್ರೂಸ್‌ಬರಿಯಲ್ಲಿ 1836ರಿಂದ ಮುಖ್ಯೋಪಾಧ್ಯಾಯನಾಗಿದ್ದ ಬೆಂಜಮಿನ್ ಹಾಲ್ ಕೆನಡಿಗೆ ಆ ಕೆಲಸ ಬಂತು. 1866ರಲ್ಲಿ ಒಂಬತ್ತೂ ಶಾಲೆಗಳ ಮುಖ್ಯೋಪಾಧ್ಯಾಯರ ಅನುಮೋದನೆಯೊಡನೆ ‘ಪಬ್ಲಿಕ್ ಸ್ಕೂಲ್ ಲ್ಯಾಟಿನ್ ಪ್ರೈಮರ್’ ಪ್ರಕಟವಾಯಿತು. ಅದರಲ್ಲಿ ನಾಮಪದದ ಕೋಷ್ಟಕವು ನಾಮಿನೇಟಿವ್, ವೊಕೇಟಿವ್, ಅಕ್ಯುಸೇಟಿವ್, ಜೆನಿಟಿವ್, ಡೇಟಿವ್, ಅಬ್ಲೇಟಿವ್ ಎಂಬ ಹೊಸ ಸಾಲಿನಲ್ಲಿತ್ತು.

ಈ ಸಾಲು ಕೆನಡಿಯ ಕಲ್ಪನೆಯಲ್ಲ. ಡೆನ್ಮಾರ್ಕಿನ ರಾಸ್ಮುಸ್ ರಾಸ್ಕ್ ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಹಳೆಯ ಜರ್ಮ್ಯಾನಿಕ್ ಭಾಷೆಗಳಿಗೆ ಬರೆದ ವ್ಯಾಕರಣಗಳಲ್ಲಿ ನಾಮಿನೇಟಿವಿನ ಪಕ್ಕಕ್ಕೆ ಅಕ್ಯುಸೇಟಿವನ್ನು ತಂದು, ಡೇಟಿವ್ ಮತ್ತು ಜೆನಿಟಿವುಗಳನ್ನು ಅನಂತರಕ್ಕೆ ಸರಿಸಿದ್ದ. ಐಸ್‌ಲ್ಯಾಂಡಿನ ಶಾಲೆಗಳು ಇಂದಿಗೂ ಅದೇ ಕ್ರಮವನ್ನು ಹಿಡಿದಿವೆ. ಅವನ ದೇಶದವನೇ ಆದ ಯೋಹಾನ್ ನಿಕೊಲಾಯ್ ಮ್ಯಾಡ್ವಿಗ್ 1841ರ ತನ್ನ ಲ್ಯಾಟಿನ್ ವ್ಯಾಕರಣದಲ್ಲಿ ಅದೇ ತತ್ತ್ವವನ್ನು ಲ್ಯಾಟಿನ್ನಿಗೆ ಅನ್ವಯಿಸಿದ. ಅದರ ಇಂಗ್ಲಿಷ್ ಅನುವಾದ 1849ರಲ್ಲಿ ಆಕ್ಸ್‌ಫರ್ಡಿನಿಂದ ಹೊರಬಂತು. ತತ್ತ್ವ ಸರಳವಾದದ್ದು: ಯಾವ ವಿಭಕ್ತಿಗಳ ರೂಪಗಳು ಒಂದರೊಡನೊಂದು ಏಕವಾಗುತ್ತವೆಯೋ ಅವು ಕೋಷ್ಟಕದಲ್ಲಿ ಅಕ್ಕಪಕ್ಕದಲ್ಲಿರಬೇಕು. ಲ್ಯಾಟಿನ್ನಿನ ಎಲ್ಲ ನಪುಂಸಕ ನಾಮಗಳಲ್ಲಿಯೂ ಮೊದಲ ಮೂರು ರೂಪಗಳು ಒಂದೇ. ಬಹುವಚನದಲ್ಲಿ ಡೇಟಿವ್ ಮತ್ತು ಅಬ್ಲೇಟಿವ್ ಎಲ್ಲ ಗಣಗಳಲ್ಲಿಯೂ ಒಂದೇ. ‘ಮೇನ್ಸ’ ಎಂಬಂಥ ಮೊದಲ ಗಣದ ಏಕವಚನದಲ್ಲಿ ಜೆನಿಟಿವ್ ಮತ್ತು ಡೇಟಿವ್ ಒಂದೇ. ಎರಡನೆಯ ಗಣದ ಏಕವಚನದಲ್ಲಿ ಡೇಟಿವ್ ಮತ್ತು ಅಬ್ಲೇಟಿವ್ ಒಂದೇ. ಹೊಸ ಸಾಲಿನಲ್ಲಿ ಒಂದೇ ವಚನದೊಳಗಿನ ಈ ಏಕರೂಪತೆಗಳೆಲ್ಲ ನೆರೆಮನೆಗಳಾಗುತ್ತವೆ. ಹಳೆಯ ಸಾಲಿನಲ್ಲಿ ‘ಬೆಲ್ಲುಮ್’ ಮೊದಲ ಮನೆಯಲ್ಲಿ ಕಾಣಿಸಿಕೊಂಡು, ಎರಡು ಮನೆ ದಾಟಿ ಮತ್ತೆ ಕಾಣಿಸಿಕೊಳ್ಳುತ್ತದೆ. ವಿದ್ಯಾರ್ಥಿಗೆ ಅದು ಆಕಸ್ಮಿಕವೆಂದು ತೋರುತ್ತದೆ. ಹೊಸ ಸಾಲಿನಲ್ಲಿ ಅದೇ ಸಂಗತಿ ಒಂದು ನಿಯಮವಾಗಿ ಕಣ್ಣಿಗೆ ಬೀಳುತ್ತದೆ, ಯಾರೂ ವಿವರಿಸಬೇಕಾಗಿಲ್ಲ.

ಸಂಸ್ಕೃತ ಬಲ್ಲ ಓದುಗರು ಇಷ್ಟರಲ್ಲಿ ತಮ್ಮ ರೂಪಾವಳಿಯನ್ನು ನೆನೆದಿರಬೇಕು. ದ್ವಿವಚನದಲ್ಲಿ ಪ್ರಥಮಾ ದ್ವಿತೀಯೆಗಳು ಒಂದು. ತೃತೀಯಾ, ಚತುರ್ಥೀ, ಪಂಚಮಿಗಳು ಒಂದು. ಷಷ್ಠೀ ಸಪ್ತಮಿಗಳು ಒಂದು. ಬಹುವಚನದಲ್ಲಿ ಚತುರ್ಥೀ ಪಂಚಮಿಗಳು ಒಂದು. ಅಕಾರಾಂತ ಪುಲ್ಲಿಂಗ, ನಪುಂಸಕಲಿಂಗಗಳನ್ನು ಬಿಟ್ಟರೆ ಏಕವಚನದಲ್ಲಿ ಪಂಚಮೀ ಷಷ್ಠಿಗಳು ಬಹುತೇಕ ಒಂದೇ. ಈ ಏಕರೂಪತೆಗಳಲ್ಲಿ ಒಂದೂ ನಡುವೆ ಅನ್ಯ ವಿಭಕ್ತಿಯನ್ನು ಹಾಯುವುದಿಲ್ಲ. ಅಷ್ಟಾಧ್ಯಾಯಿಯಲ್ಲಿ ಇಪ್ಪತ್ತೊಂದು ಸುಪ್ ಪ್ರತ್ಯಯಗಳನ್ನು ಎಣಿಸಿರುವ ಕ್ರಮವು ರೂಪಸಾಮ್ಯದ ದೃಷ್ಟಿಯಿಂದ ಹೆಚ್ಚುಕಡಿಮೆ ನಿರ್ದುಷ್ಟ. ಸಂಬೋಧನೆಯನ್ನು ಬೇರೆ ವಿಭಕ್ತಿಯಾಗಿ ಎಣಿಸದೆ ಪ್ರಥಮೆಯೊಳಗೆ ಅಡಗಿಸಿದ್ದೂ ಅದೇ ದೃಷ್ಟಿಗೆ ಹೊಂದುತ್ತದೆ. ಕೆನಡಿ ವೊಕೇಟಿವನ್ನು ಎರಡನೆಯ ಸಾಲಿಗೆ ಎತ್ತಿ ತಂದದ್ದು ಇದಕ್ಕೆ ತೀರ ಸಮೀಪ.

ಹಾಗಾದರೆ ಯುರೋಪಿನ ಹೊಸ ಸಾಲು ಪಾಣಿನಿಯ ಸಾಲವೇ? ನಮ್ಮಲ್ಲಿ ಇಂಥ ಕಡೆ ಸಾಲಪತ್ರ ಬರೆಯಿಸಿಕೊಳ್ಳಲು ಅವಸರಪಡುವವರಿದ್ದಾರೆ. ರಾಸ್ಕ್ ಈ ಕ್ರಮವನ್ನು ಅನುಸರಿಸಿದ್ದು ಅವನು ಭಾರತ, ಸಿಂಹಳಗಳ ಪ್ರಯಾಣ ಮಾಡುವುದಕ್ಕೆ ಮೊದಲು. ಅವನ ವಾದ ನಿಂತದ್ದು ಜರ್ಮ್ಯಾನಿಕ್ ರೂಪಗಳ ಮೇಲೆ. ಈ ಕ್ರಮದ ಚರಿತ್ರೆಯನ್ನು 1980ರಲ್ಲಿ ವಿಸ್ತಾರವಾಗಿ ಬರೆದವರು ಸಿ. ಒ. ಬ್ರಿಂಕ್ ಮತ್ತು ಡಬ್ಲ್ಯು. ಸಿಡ್ನಿ ಆಲನ್. ಪ್ರಾಚೀನ ಭಾರತದ ಧ್ವನಿಶಾಸ್ತ್ರದ ಮೇಲೆ 1953ರಲ್ಲಿ ಪುಸ್ತಕ ಬರೆದ ಆಲನ್ನನೇ ಈ ವಿಷಯಕ್ಕೆ ಕೈಹಾಕಿದ್ದು ಆಕಸ್ಮಿಕವಾಗಿರಲಾರದು. ನನ್ನ ದೃಷ್ಟಿಯಲ್ಲಿ ಋಣದ ಪ್ರಶ್ನೆಗಿಂತ ಋಣವಿಲ್ಲದ ಸಾಮ್ಯವೇ ಹೆಚ್ಚು ಬೆಲೆಯುಳ್ಳದ್ದು. ಅರ್ಥವನ್ನು ಬದಿಗಿಟ್ಟು ರೂಪವನ್ನು ನೋಡಿದ ಇಬ್ಬರು, ಎರಡು ಸಾವಿರಕ್ಕೂ ಹೆಚ್ಚು ವರ್ಷಗಳ ಅಂತರದಲ್ಲಿ, ಒಂದೇ ತತ್ತ್ವಕ್ಕೆ ಬಂದು ಮುಟ್ಟಿದರೆಂದರೆ ಆ ತತ್ತ್ವವು ಭಾಷೆಯಲ್ಲಿಯೇ ಇದೆ, ನೋಡುವವರ ಸಂಪ್ರದಾಯದಲ್ಲಲ್ಲ ಎನ್ನಲು ಅದಕ್ಕಿಂತ ಒಳ್ಳೆಯ ಸಾಕ್ಷ್ಯ ದೊರೆಯುವುದು ಕಷ್ಟ.

ಆದರೆ ಎರಡರ ನಡುವೆ ಒಂದು ವ್ಯತ್ಯಾಸವಿದೆ. ಲ್ಯಾಟಿನ್ ಹೆಸರುಗಳಲ್ಲಿ ಅರ್ಥದ ಆಗ್ರಹವಿದೆ, ಸಂಖ್ಯೆಯ ಆಗ್ರಹವಿಲ್ಲ. ಮುದ್ರಣಾಲಯದಲ್ಲಿ ಸಾಲು ಬದಲಿಸಿದರೆ ಕೆಲಸ ಮುಗಿಯಿತು. ಸಂಸ್ಕೃತದ ಹೆಸರುಗಳಲ್ಲಿ ಸಂಖ್ಯೆಯ ಆಗ್ರಹವಿದೆ, ಅರ್ಥದ್ದಿಲ್ಲ. ‘ಪ್ರಥಮಾ’ ಎಂಬುದು ಕರ್ತೃವಿಗೂ ಬರಬಹುದು, ಕರ್ಮಣಿ ಪ್ರಯೋಗದಲ್ಲಿ ಕರ್ಮಕ್ಕೂ ಬರಬಹುದು. ಹೆಸರಿಗೆ ಏನೂ ಊನವಿಲ್ಲ. ಆ ಸ್ವಾತಂತ್ರ್ಯಕ್ಕೆ ತೆತ್ತ ಬೆಲೆಯೆಂದರೆ ಸಾಲನ್ನು ಮುಟ್ಟುವಂತಿಲ್ಲ ಎಂಬುದು. ಒಂದು ಮನೆಯನ್ನು ಅತ್ತಿತ್ತ ಮಾಡಿದರೆ ಎಲ್ಲ ಮನೆಗಳ ಹೆಸರೂ ಸುಳ್ಳಾಗುತ್ತದೆ.

ಕೆನಡಿಯ ಪುಸ್ತಕಕ್ಕೆ ಸ್ವಾಗತವೇನೂ ದೊರೆಯಲಿಲ್ಲ. ದೂರುಗಳು ಸಾಲಿಗಿಂತ ಪರಿಭಾಷೆಯ ಮೇಲೆ ಹೆಚ್ಚಾಗಿ ಬಿದ್ದವು. ‘ಟ್ರಾಜೆಕ್ಟಿವ್’, ‘ಫ್ಯಾಕ್ಟಿಟಿವ್’, ‘ಪ್ರೊಲೇಟಿವ್’ ಎಂಬ ಹೊಸ ಪದಗಳು ಎಂಟು ಹತ್ತು ವರ್ಷದ ಬಾಲಕರಿಗೂ ಅವರ ಉಪಾಧ್ಯಾಯರಿಗೂ ಸಮಾನವಾಗಿ ಒಗ್ಗಲಿಲ್ಲ. ಒಂಬತ್ತು ಶಾಲೆಗಳ ಮುಖ್ಯಸ್ಥರು ಒಪ್ಪಿದ್ದರೂ ತರಗತಿಯಲ್ಲಿ ಕಲಿಸಬೇಕಾದವರನ್ನು ಒಪ್ಪಿಸುವ ಕೆಲಸ ಉಳಿದೇ ಇತ್ತು. ಸಾಲು ಮಾತ್ರ ಗದ್ದಲವಿಲ್ಲದೆ ನೆಲೆಯೂರಿತು. ವಿನ್‌ಸ್ಟನ್ ಚರ್ಚಿಲ್ ತನ್ನ 1930ರ ಆತ್ಮಕಥೆಯಲ್ಲಿ, ಮೇಜು ಎಂಬರ್ಥದ ‘ಮೇನ್ಸ’ ಪದದ ಕೋಷ್ಟಕವನ್ನು ಏಳು ವರ್ಷದವನಾಗಿದ್ದಾಗ ಕಲಿತ ಪ್ರಸಂಗವನ್ನು ಬರೆದಿದ್ದಾನೆ. ಮೇಜನ್ನು ‘ಎಲೈ ಮೇಜೇ’ ಎಂದು ಕರೆಯುವ ಸಂದರ್ಭ ಯಾವುದು ಎಂದು ಕೇಳಿ, ಶಿಕ್ಷೆಯ ಬೆದರಿಕೆಯನ್ನು ಉತ್ತರವಾಗಿ ಪಡೆದ ಕಥೆ ಪ್ರಸಿದ್ಧ. ಭಾಷಾವಿಜ್ಞಾನಿಗೆ ಅಲ್ಲಿ ಎರಡು ಸಂಗತಿಗಳು ಮುಖ್ಯ. ಅವನು ಕೊಡುವ ಸಾಲಿನಲ್ಲಿ ವೊಕೇಟಿವ್ ಎರಡನೆಯದು. ಅಂದರೆ 1880ರ ದಶಕದ ಆರಂಭಕ್ಕೆ ಸಣ್ಣ ಶಾಲೆಗಳಲ್ಲಿಯೂ ಕೆನಡಿಯ ಕ್ರಮವೇ ನಡೆಯುತ್ತಿತ್ತು. ಇನ್ನು ಬಾಲಕನ ಪ್ರಶ್ನೆ ಉದ್ಧಟತನದ್ದಲ್ಲ, ವಿಷಯಕ್ಕೆ ಸರಿಯಾಗಿ ತಗುಲುವಂಥದ್ದು. ಕೋಷ್ಟಕದಲ್ಲಿ ಮನೆಯಿದೆ ಎಂಬ ಕಾರಣಕ್ಕೆ ಭಾಷೆಯಲ್ಲಿ ರೂಪವಿದೆಯೇ?

ಆ ಪ್ರಶ್ನೆಗೆ ಹೋಗುವ ಮೊದಲು ಪ್ರೈಮರಿನ ಕಥೆಯನ್ನು ಮುಗಿಸಬೇಕು. ದೂರುಗಳ ಒತ್ತಡದಿಂದ 1888ರಲ್ಲಿ ‘ರಿವೈಸ್ಡ್ ಲ್ಯಾಟಿನ್ ಪ್ರೈಮರ್’ ಬಂತು. ಹೊಸ ಪರಿಭಾಷೆಯ ಭಾರ ಇಳಿಯಿತು, ವಿವರಣೆಗಳು ತಿಳಿಯಾದವು. ಅದರೊಡನೆ ಬಂದ ಚಿಕ್ಕ ಆವೃತ್ತಿ ‘ಷಾರ್ಟರ್ ಲ್ಯಾಟಿನ್ ಪ್ರೈಮರ್’ನ ಹೊದಿಕೆಯ ಅಕ್ಷರಗಳನ್ನು ಶಾಯಿಯಿಂದ ತಿದ್ದಿ ‘ಷಾರ್ಟ್‌ಬ್ರೆಡ್ ಈಟಿಂಗ್ ಪ್ರೈಮರ್’ ಮಾಡುವುದು ತಲೆಮಾರುಗಳ ಬಾಲಕರ ಪರಿಷ್ಕರಣೆಯಾಯಿತು. ಮುಖಪುಟದಲ್ಲಿದ್ದ ಹೆಸರು ಕೆನಡಿಯದೊಂದೇ. ಆತ 1867ರಿಂದ ಕೇಂಬ್ರಿಜ್ಜಿನ ಗ್ರೀಕ್ ಪ್ರಾಧ್ಯಾಪಕನಾಗಿದ್ದು, ಪರಿಷ್ಕೃತ ಪುಸ್ತಕ ಬಂದಾಗ ಎಂಬತ್ತನ್ನು ದಾಟಿದ್ದ, ಮರುವರ್ಷ ತೀರಿಕೊಂಡ. ಪಠ್ಯಪುಸ್ತಕಗಳ ಸಾಮಾಜಿಕ ಚರಿತ್ರೆಯನ್ನು ಬರೆದ ಕ್ರಿಸ್ಟೋಫರ್ ಸ್ಟ್ರೇ ತೋರಿಸಿಕೊಟ್ಟಿರುವಂತೆ, ಪರಿಷ್ಕರಣೆಯನ್ನು ಬಹುಮಟ್ಟಿಗೆ ಮಾಡಿದವರು ಅವನ ಹೆಣ್ಣುಮಕ್ಕಳಾದ ಮೇರಿಯನ್ ಮತ್ತು ಜೂಲಿಯಾ. ಜೊತೆಗೆ ಅವನ ಹಳೆಯ ಶಿಷ್ಯರಾದ ಜಿ. ಎಚ್. ಹ್ಯಾಲಮ್ ಮತ್ತು ಟಿ. ಇ. ಪೇಜ್. ಮೇರಿಯನ್ ಕೇಂಬ್ರಿಜ್ಜಿನ ನ್ಯೂನಮ್ ಮಹಿಳಾ ಕಾಲೇಜಿಗಾಗಿ ದುಡಿದವಳು. ಕೇಂಬ್ರಿಜ್ ವಿಶ್ವವಿದ್ಯಾಲಯ ಮಹಿಳೆಯರಿಗೆ ಪೂರ್ಣಪ್ರಮಾಣದ ಪದವಿ ಕೊಡಲು ಒಪ್ಪಿದ್ದು 1948ರಲ್ಲಿ. ಒಂದು ಶತಮಾನದುದ್ದಕ್ಕೂ ಇಂಗ್ಲೆಂಡಿನ ಗಂಡುಮಕ್ಕಳಿಗೆ ಲ್ಯಾಟಿನ್ ಕಲಿಸಿದ ಪುಸ್ತಕವನ್ನು ತಿದ್ದಿ ನಿಲ್ಲಿಸಿದವರಿಗೆ ಆ ಕಾಲದಲ್ಲಿ ಲ್ಯಾಟಿನ್ ಪದವಿ ಪಡೆಯುವ ಹಕ್ಕಿರಲಿಲ್ಲ. 1930ರಲ್ಲಿ ಜೇಮ್ಸ್ ಮೌಂಟ್‌ಫರ್ಡ್ ಮತ್ತೊಮ್ಮೆ ಪರಿಷ್ಕರಿಸಿದ ಪುಸ್ತಕವೂ ಕೆನಡಿಯದೆಂದೇ ಪ್ರಸಿದ್ಧ.

ಅಮೆರಿಕ ಈ ಸಾಲನ್ನು ಕೊಳ್ಳಲಿಲ್ಲ. 1872ರಲ್ಲಿ ಮೊದಲು ಬಂದು 1903ರಲ್ಲಿ ತನ್ನ ಪರಿಚಿತ ರೂಪ ಪಡೆದ ಆಲನ್–ಗ್ರೀನೋ ವ್ಯಾಕರಣವೂ, 1956ರಲ್ಲಿ ಬಂದು ಇಂದಿಗೂ ಪರಿಷ್ಕೃತವಾಗಿ ಅಚ್ಚಾಗುತ್ತಿರುವ ಫ್ರೆಡರಿಕ್ ವೀಲಾಕ್‌ನ ಪಠ್ಯವೂ ಜೆನಿಟಿವನ್ನು ಎರಡನೆಯ ಸ್ಥಾನದಲ್ಲಿಯೇ ಉಳಿಸಿಕೊಂಡವು. ಅದಕ್ಕೆ ಸಮರ್ಥನೆ ಇಲ್ಲದೆ ಇಲ್ಲ. ಲ್ಯಾಟಿನ್ ನಿಘಂಟು ನಾಮಪದವನ್ನು ನಾಮಿನೇಟಿವ್ ಮತ್ತು ಜೆನಿಟಿವ್ ಜೋಡಿಯಾಗಿ ಕೊಡುತ್ತದೆ. ‘ರೇಕ್ಸ್’ ಎಂಬುದರಿಂದ ಕಾಣದ ಪ್ರಕೃತಿ ‘ರೇಗಿಸ್’ ಎಂಬುದರಿಂದ ಕಾಣುತ್ತದೆ. ಗಣವನ್ನೂ ಪ್ರಕೃತಿಯನ್ನೂ ಗುರುತಿಸಿಕೊಡುವ ರೂಪ ಎರಡನೆಯದಾಗಿರಲಿ ಎಂಬ ವಾದ ಪ್ರಿಷಿಯನ್ನನ ‘ಹುಟ್ಟಿಸುವ ವಿಭಕ್ತಿ’ಗೆ ಹತ್ತಿರದ್ದು, ಆದರೆ ಅವನದಕ್ಕಿಂತ ಗಟ್ಟಿಯಾದದ್ದು. ಹಳೆಯ ಸಾಲು ಪ್ರಕೃತಿಯನ್ನು ಎತ್ತಿ ತೋರಿಸುತ್ತದೆ, ಹೊಸ ಸಾಲು ಪ್ರತ್ಯಯಗಳ ಬೆಸುಗೆಯನ್ನು. ಎರಡನ್ನೂ ಒಟ್ಟಿಗೆ ತೋರಿಸುವ ಒಂದೇ ಸಾಲು ಇಲ್ಲ.

ಈಗ ಮನೆಗಳ ಪ್ರಶ್ನೆ. ಇದಕ್ಕೆ ಗ್ರೀಕ್ ಪಠ್ಯಪುಸ್ತಕಗಳಷ್ಟು ಒಳ್ಳೆಯ ಆಕರ ಬೇರೊಂದಿಲ್ಲ. ನಾಲ್ಕನೆಯ ಶತಮಾನದ ಕೊನೆಯ ಭಾಗದಲ್ಲಿದ್ದನೆನ್ನಲಾದ ಅಲೆಕ್ಸಾಂಡ್ರಿಯದ ಥಿಯೊಡೋಸಿಯಸ್ ತನ್ನ ಕ್ರಿಯಾಪದ ಕೋಷ್ಟಕಕ್ಕೆ ‘ಹೊಡೆಯುತ್ತೇನೆ’ ಎಂಬರ್ಥದ ‘ತುಪ್ತೋ’ ಎಂಬ ಕ್ರಿಯೆಯನ್ನು ಆರಿಸಿಕೊಂಡ. ಡಯೊನೀಸಿಯಸ್ ಥ್ರಾಕ್ಸನ ವ್ಯಾಕರಣಕ್ಕೆ ಅನಂತರ ಸೇರಿದ ಅನುಬಂಧದಲ್ಲಿಯೂ ಅದೇ ಕ್ರಿಯೆ ಇದೆ. ಬೈಜಾಂಟಿಯಮ್ಮಿನ ಮೂಲಕ ಅದು ಯುರೋಪಿನ ಶಾಲೆಗಳನ್ನು ಸೇರಿ ಹತ್ತೊಂಬತ್ತನೆಯ ಶತಮಾನದವರೆಗೆ ಆಳಿತು. ಲ್ಯಾಟಿನ್ನಿನಲ್ಲಿ ಪ್ರೀತಿಸಲೂ ಗ್ರೀಕಿನಲ್ಲಿ ಹೊಡೆಯಲೂ ಕಲಿತ ಬಾಲಕರ ಬಗೆಗಿನ ಚಾಟೂಕ್ತಿಗಳು ಹಾಗಿರಲಿ. ಆಯ್ಕೆಗೆ ಒಂದು ತರ್ಕವಿತ್ತು: ಈ ಧಾತುವಿನ ಕೊನೆಯ ವ್ಯಂಜನವು ‘ತುಪ್-’, ‘ತುಪ್ತ್-’, ‘ತುಫ್-’ ಎಂದು ರೂಪಾಂತರ ಹೊಂದುವುದರಿಂದ ಗ್ರೀಕ್ ಕ್ರಿಯಾಪದದ ಎಲ್ಲ ಬಗೆಯ ರಚನೆಗಳನ್ನೂ ಒಂದೇ ಕಡೆ ಪ್ರದರ್ಶಿಸಬಹುದು.

ತೊಡಕೆಂದರೆ, ಹಾಗೆ ಪ್ರದರ್ಶಿತವಾದ ರೂಪಗಳಲ್ಲಿ ಅನೇಕವನ್ನು ಯಾವ ಗ್ರೀಕನೂ ಆಡಿರಲಿಲ್ಲ. ಅಥೆನ್ಸಿನ ಗದ್ಯದಲ್ಲಿ ಈ ಕ್ರಿಯೆಯ ಭವಿಷ್ಯತ್ತು ಕೋಷ್ಟಕ ಹೇಳುವ ‘ತುಪ್ಸೋ’ ಅಲ್ಲ, ‘ತುಪ್ತೇಸೋ’. ‘ಹೊಡೆದೆ’ ಎನ್ನಬೇಕಾದಾಗ ಅಥೆನ್ಸಿನವರು ಬೇರೆಯ ಧಾತುವಿನಿಂದ ‘ಎಪತಕ್ಸ’ ಎನ್ನುತ್ತಿದ್ದರು. ‘ಹೊಡೆಸಿಕೊಂಡೆ’ ಎನ್ನಲು ಇನ್ನೂ ಒಂದು ಧಾತುವಿನಿಂದ ‘ಎಪ್ಲೇಗೇನ್’ ಎನ್ನುತ್ತಿದ್ದರು. ಅಂದರೆ ಅದು ಮೂರು ಧಾತುಗಳು ಹಂಚಿಕೊಂಡು ನಡೆಸುತ್ತಿದ್ದ ಸಂಸಾರ. ಕೋಷ್ಟಕ ಆ ಮೂರನ್ನೂ ಒಡೆದು, ಒಂದೇ ಧಾತುವಿನ ಕೈಯಲ್ಲಿ ಎಲ್ಲ ಮನೆಗಳನ್ನೂ ತುಂಬಿಸಿತು. ‘ಎರಡನೆಯ ಭವಿಷ್ಯತ್ತು’ ಎಂಬ ಒಂದು ಇಡೀ ವರ್ಗವೇ, ಅದರ ಕರ್ತರಿ ರೂಪದಲ್ಲಿ, ‘ತುಪೋ’ ಎಂಬಂಥ ಕಲ್ಪಿತರೂಪಗಳ ಆಧಾರದ ಮೇಲೆ ಶಾಲಾಪುಸ್ತಕಗಳಲ್ಲಿ ಬಾಳಿತು. ‘ಪರಾದೈಗ್ಮ’ ಎಂದರೆ ಮೂಲದಲ್ಲಿ ಉದಾಹರಣೆ. ಇಲ್ಲಿ ಉದಾಹರಣೆಯೇ ಉತ್ಪಾದಕವಾಯಿತು.

ಹತ್ತೊಂಬತ್ತನೆಯ ಶತಮಾನದ ಪರಿಷ್ಕಾರಕರು ಈ ಕ್ರಿಯೆಯನ್ನು ಕೆಳಗಿಳಿಸಿ, ‘ಬಿಚ್ಚುತ್ತೇನೆ’ ಎಂಬರ್ಥದ ‘ಲೂಓ’ವನ್ನು ಕೂರಿಸಿದರು. ಇಂದಿನ ಬಹುತೇಕ ಗ್ರೀಕ್ ಪಠ್ಯಗಳಲ್ಲಿ ಅದೇ ಇದೆ. ಅದರ ಧಾತು ಸ್ವರಾಂತವಾದ್ದರಿಂದ ಸಂಧಿಯ ಗೊಂದಲವಿಲ್ಲದೆ ಪ್ರತ್ಯಯಗಳು ಬಿಡಿಯಾಗಿ ಕಾಣುತ್ತವೆ. ಇದನ್ನು ಸತ್ಯದ ಜಯವೆಂದು ಬಣ್ಣಿಸುವವರೊಡನೆ ನನಗೆ ಪೂರ್ಣ ಸಹಮತವಿಲ್ಲ. ‘ತುಪ್ತೋ’ ಇಲ್ಲದ ರೂಪಗಳನ್ನು ಕಲಿಸಿತು. ‘ಲೂಓ’ ಇಲ್ಲದ ಕ್ರಮಬದ್ಧತೆಯನ್ನು ಕಲಿಸುತ್ತದೆ. ನಿತ್ಯಬಳಕೆಯ ಗ್ರೀಕ್ ಕ್ರಿಯೆಗಳಲ್ಲಿ ‘ಲೂಓ’ದಷ್ಟು ಸರಳವಾಗಿ ನಡೆಯುವವು ಅಲ್ಪಸಂಖ್ಯಾತವಾದವು, ಕೋಷ್ಟಕ ಮುಗಿಸಿ ಪ್ಲೇಟೋವನ್ನು ತೆರೆದ ವಿದ್ಯಾರ್ಥಿ ಮೊದಲ ಪುಟದಲ್ಲಿಯೇ ಕಂಗೆಡುತ್ತಾನೆ. ಹಾರ್ವರ್ಡಿನ ವಿಲಿಯಂ ಗುಡ್ವಿನ್ ತನ್ನ ವ್ಯಾಕರಣದಲ್ಲಿ ‘ಲೂಓ’ದ ಪಕ್ಕದಲ್ಲಿ ‘ಲೈಪೋ’ ಮತ್ತು ‘ಫೈನೋ’ ಎಂಬ ಇನ್ನೆರಡು ಕ್ರಿಯೆಗಳನ್ನು ಇಟ್ಟದ್ದು ಹೆಚ್ಚು ಪ್ರಾಮಾಣಿಕವಾದ ದಾರಿ ಎಂದು ನನಗೆ ತೋರುತ್ತದೆ. ಯಾವ ಒಂದು ಕ್ರಿಯೆಯೂ ಭಾಷೆಯ ಪ್ರತಿನಿಧಿಯಲ್ಲವೆಂಬುದನ್ನು ಮೂರು ಕೋಷ್ಟಕಗಳು ಮಾತಿಲ್ಲದೆ ಹೇಳುತ್ತವೆ.

ಮನೆಯಿರುವುದರಿಂದ ರೂಪವನ್ನು ತರುವ ಈ ಅಭ್ಯಾಸ ಗ್ರೀಕಿನ ಗಡಿಯೊಳಗೆ ನಿಲ್ಲಲಿಲ್ಲ. ಬರ್ಮಿಂಗ್‌ಹ್ಯಾಮಿನ ಇ. ಎ. ಸೊನ್ನೆನ್‌ಷೈನ್ 1880ರ ದಶಕದಿಂದ ಲ್ಯಾಟಿನ್, ಗ್ರೀಕ್, ಇಂಗ್ಲಿಷ್, ಜರ್ಮನ್, ಫ್ರೆಂಚ್ ಎಲ್ಲಕ್ಕೂ ಒಂದೇ ಪರಿಭಾಷೆಯ ಸಮಾಂತರ ವ್ಯಾಕರಣಗಳನ್ನು ಹೊರತರಿಸಿದ. ವಿದ್ಯಾರ್ಥಿಯ ಶ್ರಮ ಕಡಿಮೆಯಾಗಲೆಂಬುದು ಉದ್ದೇಶ. ಪರಿಣಾಮವಾಗಿ ಇಂಗ್ಲಿಷಿಗೂ ಡೇಟಿವ್ ದೊರೆಯಿತು. ಇಂಗ್ಲಿಷಿನಲ್ಲಿ ರೂಪಭೇದವಿಲ್ಲದ ಕಡೆ ವಿಭಕ್ತಿಭೇದವನ್ನು ಎಣಿಸುವುದು ಲ್ಯಾಟಿನ್ ಕೋಷ್ಟಕವನ್ನು ಇಂಗ್ಲಿಷಿನ ಮೇಲೆ ಹೊದಿಸಿದಂತೆ ಎಂದು ಓಟೋ ಯೆಸ್ಪರ್ಸನ್ 1924ರ ತನ್ನ ಗ್ರಂಥದಲ್ಲಿ ತೀಕ್ಷ್ಣವಾಗಿ ಆಕ್ಷೇಪಿಸಿದ.

ಕನ್ನಡದ ಓದುಗರಿಗೆ ಈ ಜಗಳ ದೂರದ್ದಲ್ಲ. ಹದಿಮೂರನೆಯ ಶತಮಾನದ ಕೇಶಿರಾಜ ಶಬ್ದಮಣಿದರ್ಪಣದಲ್ಲಿ ಸಂಸ್ಕೃತದ ಏಳು ಮನೆಗಳನ್ನೂ ಉಳಿಸಿಕೊಂಡು ಪಂಚಮಿಗೆ ‘ಅತ್ತಣಿಂ’ ಎಂಬ ಪ್ರತ್ಯಯವನ್ನು ಹೇಳುತ್ತಾನೆ. ಇಂದಿನ ಶಾಲಾಪುಸ್ತಕಗಳಲ್ಲಿ ಅದೇ ಮನೆಯಲ್ಲಿ ‘ದೆಸೆಯಿಂದ’ ಕೂತಿದೆ. ಎರಡರ ಕೊನೆಯಲ್ಲಿಯೂ ಇರುವುದು ತೃತೀಯೆಯ ‘ಇಂ’, ‘ಇಂದ’ವೇ, ‘ಮರದ ದೆಸೆಯಿಂದ’ ಎಂಬುದು ಷಷ್ಠಿಯ ಮುಂದೆ ಒಂದು ನಾಮಪದ, ಅದರ ಮೇಲೆ ತೃತೀಯೆ. ‘ಮರದಿಂದ ಹಣ್ಣು ಬಿತ್ತು’ ಎನ್ನುವ ಕನ್ನಡಿಗನಿಗೆ ಐದನೆಯ ವಿಭಕ್ತಿಯ ಅಗತ್ಯವೇ ಬೀಳುವುದಿಲ್ಲ. ದ್ರಾವಿಡ ಭಾಷೆಗಳ ವಿಭಕ್ತಿಗಳನ್ನು ಸಂಸ್ಕೃತದ ಸಂಖ್ಯೆಗೆ ಹೊಂದಿಸಿದ ಕ್ರಮವನ್ನು ಕಾಲ್ಡ್‌ವೆಲ್ 1856ರಲ್ಲಿಯೇ ಆಕ್ಷೇಪಿಸಿದ್ದ, ಡಿ. ಎನ್. ಶಂಕರ ಭಟ್ಟರು ತಮ್ಮ ಗ್ರಂಥಗಳಲ್ಲಿ ಕನ್ನಡಕ್ಕೆ ಕನ್ನಡದ್ದೇ ವ್ಯಾಕರಣ ಬೇಕೆಂಬ ವಾದವನ್ನು ಸವಿಸ್ತಾರವಾಗಿ ಕಟ್ಟಿದರು. ವಾದ ಗೆದ್ದರೂ ಕೋಷ್ಟಕ ಸೋಲಲಿಲ್ಲ. ಇದಕ್ಕೆ ಸಂಪ್ರದಾಯದ ಮೇಲಿನ ಭಕ್ತಿಯೊಂದೇ ಕಾರಣವೆಂದು ನನಗೆ ತೋರುವುದಿಲ್ಲ. ಲ್ಯಾಟಿನ್ ಪುಸ್ತಕದಿಂದ ಒಂದು ವಿಭಕ್ತಿಯನ್ನು ತೆಗೆದರೆ ಉಳಿದವುಗಳ ಹೆಸರು ಹಾಗೆಯೇ ನಿಲ್ಲುತ್ತದೆ. ಕನ್ನಡ ಪುಸ್ತಕದಿಂದ ಪಂಚಮಿಯನ್ನು ತೆಗೆದರೆ ಷಷ್ಠಿಯು ಐದನೆಯದಾಗುತ್ತದೆ, ಸಪ್ತಮಿಯು ಆರನೆಯದಾಗುತ್ತದೆ. ನಾಲ್ಕರ ಮುಂದೆ ಆರನ್ನು ಎಣಿಸುವ ಪಾಠವನ್ನು ಯಾವ ಪಠ್ಯಪುಸ್ತಕ ಸಮಿತಿ ಒಪ್ಪೀತು? ಸಂಸ್ಕೃತದಲ್ಲಿ ರೂಪವನ್ನು ಬೆಳಗಿಸಿದ ಅದೇ ಸಂಖ್ಯಾಕ್ರಮ, ದ್ವಿವಚನವೂ ವಿಭಕ್ತಿಗಳ ಆ ಬಗೆಯ ಬೆಸುಗೆಯೂ ಇಲ್ಲದ ಕನ್ನಡದಲ್ಲಿ ಬೆಳಗಿಸಲು ಏನೂ ಉಳಿಯದೆ, ಒಂದು ಖಾಲಿ ಮನೆಯನ್ನು ಕಾಯುತ್ತ ನಿಂತಿದೆ. ಒಂದು ವಿನಾಯಿತಿಯನ್ನು ಹೇಳಲೇಬೇಕು: ‘ಮರ ಕಡಿದ’, ‘ನೀರು ಕುಡಿದ’ ಎಂಬಲ್ಲಿ ನಪುಂಸಕದ ದ್ವಿತೀಯೆ ಪ್ರಥಮೆಯ ರೂಪದಲ್ಲಿಯೇ ಬರುತ್ತದೆ. ಅಷ್ಟರಮಟ್ಟಿಗೆ ಮೊದಲೆರಡು ಮನೆಗಳ ನೆರೆಹೊರೆತನ ಕನ್ನಡಕ್ಕೂ ಸಾರ್ಥಕ. ಆದರೆ ಅದನ್ನು ತೋರಿಸಿಕೊಡುವ ಶಾಲಾಕೋಷ್ಟಕ ನನ್ನ ಕಣ್ಣಿಗೆ ಬಿದ್ದಿಲ್ಲ.

ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಯುರೋಪಿನ ಪರಿಷ್ಕರಣೆ ಬೇರೆ ದಿಕ್ಕು ಹಿಡಿಯಿತು. 1960ರಲ್ಲಿ ಆಕ್ಸ್‌ಫರ್ಡ್ ಮತ್ತು ಕೇಂಬ್ರಿಜ್‌ಗಳು ಪ್ರವೇಶಕ್ಕೆ ಲ್ಯಾಟಿನ್ ಕಡ್ಡಾಯವೆಂಬ ನಿಯಮವನ್ನು ಕೈಬಿಟ್ಟ ಮೇಲೆ ಶಾಲೆಗಳಲ್ಲಿ ಆ ಭಾಷೆಯ ನೆಲೆಯೇ ಅಲುಗಿತು. ಕಡ್ಡಾಯವಿರುವಷ್ಟು ಕಾಲ ಕೋಷ್ಟಕ ಸಾಕಾಗಿತ್ತು. ಇನ್ನು ಮುಂದೆ ವಿದ್ಯಾರ್ಥಿಯನ್ನು ಒಲಿಸಿಕೊಳ್ಳಬೇಕಿತ್ತು. 1970ರಿಂದ ಬರತೊಡಗಿದ ಕೇಂಬ್ರಿಜ್ ಲ್ಯಾಟಿನ್ ಕೋರ್ಸು ಪಾಂಪೇ ನಗರದ ಕಾಯಿಕಿಲಿಯುಸ್ ಎಂಬ ಲೇವಾದೇವಿಗಾರನ ಮನೆಯ ಕಥೆಯಿಂದ ಆರಂಭವಾಗುತ್ತದೆ. ಆತ ನಿಜವಾಗಿ ಇದ್ದವನು, ಅವನ ಲೆಕ್ಕದ ಮೇಣದ ಹಲಗೆಗಳು 1875ರಲ್ಲಿ ಉತ್ಖನನದಲ್ಲಿ ದೊರೆತವು. ರೂಪಗಳು ಕಥೆಯ ವಾಕ್ಯಗಳಲ್ಲಿ ಒಂದೊಂದಾಗಿ ಎದುರಾಗುತ್ತವೆ, ಪೂರ್ಣ ಕೋಷ್ಟಕ ಪುಸ್ತಕದ ಹಿಂಭಾಗಕ್ಕೆ ಸರಿದಿದೆ. ಅದರ 2022ರ ಪರಿಷ್ಕೃತ ಬ್ರಿಟಿಷ್ ಆವೃತ್ತಿಯಲ್ಲಿ ಕಾಯಿಕಿಲಿಯುಸನಿಗೆ ಲೂಕಿಯ ಎಂಬ ಮಗಳು ಸೇರಿದ್ದಾಳೆ. ಗುಲಾಮರ ಬದುಕನ್ನು ಹಗುರಾಗಿ ಚಿತ್ರಿಸುತ್ತಿದ್ದ ಭಾಗಗಳನ್ನು ಮತ್ತೆ ಬರೆಯಲಾಗಿದೆ. ಪರಿಷ್ಕರಣೆಯೆಂದರೆ ಈಗ ಮುಖ್ಯವಾಗಿ ಕಥೆಯಲ್ಲಿ ಯಾರಿದ್ದಾರೆ ಎಂಬ ಪ್ರಶ್ನೆ. ಅದು ಕೇಳಬೇಕಾದ ಪ್ರಶ್ನೆಯೇ.

ಕೋಷ್ಟಕದ ಪ್ರಶ್ನೆ ಮಾತ್ರ ಎಲ್ಲಿಯೂ ಹೋಗಿಲ್ಲ. ಹ್ಯಾರೋ ಶಾಲೆಯಲ್ಲಿ ಕಲಿಸುತ್ತಿದ್ದ ಮಾರಿಸ್ ಬಾಮ್ ಬರೆದ ‘ಅಥೇನಜೇ’ ಎಂಬ ಗ್ರೀಕ್ ಪಠ್ಯವು ಡೈಕಯೊಪೊಲಿಸ್ ಎಂಬ ರೈತನ ಕಥೆಯ ಮೂಲಕ ಭಾಷೆಯನ್ನು ಕಲಿಸುತ್ತದೆ. ಅದನ್ನು ಅಮೆರಿಕದ ಗಿಲ್ಬರ್ಟ್ ಲಾವಲ್ ಅಲ್ಲಿಯ ವಿದ್ಯಾರ್ಥಿಗಳಿಗಾಗಿ ಪರಿಷ್ಕರಿಸಿದ. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯ ಮುದ್ರಣಾಲಯ ಅದನ್ನು ಪ್ರಕಟಿಸಿತು. ಬಾಮ್‌ನ ದೇಶದ ಶಾಲೆಗಳಲ್ಲಿ ಗ್ರೀಕ್ ನಾಮಪದವನ್ನು ಕೆನಡಿಯ ತತ್ತ್ವದಂತೆ ನಾಮಿನೇಟಿವ್, ವೊಕೇಟಿವ್, ಅಕ್ಯುಸೇಟಿವ್, ಜೆನಿಟಿವ್, ಡೇಟಿವ್ ಎಂದು ಒಪ್ಪಿಸುತ್ತಾರೆ. ಅಮೆರಿಕದ ‘ಅಥೇನಜೇ’ಯಲ್ಲಿ ಆ ರೈತ ಅದೇ ಹೊಲವನ್ನು ಉಳುತ್ತಾನೆ, ಹೊಲ ಎಂಬ ಪದದ ರೂಪಗಳು ಮಾತ್ರ ಡಯೊನೀಸಿಯಸ್ ಥ್ರಾಕ್ಸನ ಸಾಲಿನಲ್ಲಿ ಅಚ್ಚಾಗಿವೆ.